ಒಂಬತ್ತನೆಯ ಸಾಲಿನಲ್ಲಿ ಒಂದು ಪದ

ಬದಿಯಡ್ಕದ ಸಬ್ ರಿಜಿಸ್ಟ್ರಾರ್ ಆಫೀಸಿನೆದುರು
ಝೆರಾಕ್ಸಿನವನಿಗೂ ಸೋಡಾದವನಿಗೂ ನಡುವೆ
ಆರಡಿ ಅಗಲದ ಕೋಣೆ, ಬಾಡಿಗೆಯದು.
ಇಪ್ಪತ್ತಾರು ವರ್ಷದಿಂದ ಇಲ್ಲಿ ಕೂತು
ಊರವರ ನೆಲವನ್ನು ಒಂದು ಹೆಸರಿಂದ ಇನ್ನೊಂದಕ್ಕೆ ದಾಟಿಸುತ್ತೇನೆ.
ನನ್ನ ಹೆಸರಿನಲ್ಲಿ ಉಗುರಿನಷ್ಟು ಮಣ್ಣಿಲ್ಲ,
ಉಗುರಿನೊಳಗಿನದ್ದು ಬಿಟ್ಟರೆ.

ಪುಸ್ತಕ ಬಂದದ್ದು ಬೇಳದ ಬೆನೆಡಿಕ್ಟಾ ಟೀಚರಿಂದ.
ಏಳು ಸೆಂಟ್ಸ್ ಜಾಗ ತಂಗಿಯ ಮಗಳಿಗೆ ಬರೆಸಿದರು,
ಫೀಸಿಗೆ ಚೀಲ ತಡಕಿದರು, ಕೊಟ್ಟರು,
ಹೊರಗೆ ತೆಗೆದಿಟ್ಟದ್ದನ್ನು ಮರೆತು ಹೋದರು:
ಕೊಡೆ, ಮಾತ್ರೆಯ ಪಟ್ಟಿ, ಇಂಗ್ಲಿಷ್ ಸಾನೆಟ್ಟುಗಳು.
ಮರುದಿನ ಹುಡುಗ ಬಂದು ಕೊಡೆ ಕೇಳಿದ, ಮಾತ್ರೆ ಕೇಳಿದ.
ಪುಸ್ತಕ?
"ಅದು ಮರೆತದ್ದಲ್ಲವಂತೆ."

ನನ್ನ ಇಂಗ್ಲಿಷು ಎಂದರೆ ಶೆಡ್ಯೂಲು, ಸರ್ವೆ ನಂಬ್ರ,
ಸುತ್ತ ಒಂದಿಷ್ಟು ಬೇಲಿ.
ಮೊದಲ ತಿಂಗಳು ಬರೀ ಸಾಲು ಎಣಿಸಿದೆ.
ಹದಿನಾಲ್ಕು. ಮಗುಚಿದರೆ ಮತ್ತೆ ಹದಿನಾಲ್ಕು.
ಹಿತವಾಯಿತು ನನಗೆ:
ಮನಸ್ಸು ಎಂಬ ಆಸ್ತಿಗೂ
ಚಕ್ಕುಬಂದಿ ಬರೆದಿಟ್ಟವರು ಇದ್ದರಲ್ಲ, ಮಾರಾಯ್ರೆ.

ಆಮೇಲೆ ಡಿಕ್ಷನರಿ. ಒಂದು ಸಾನೆಟ್ಟಿಗೆ ಒಂದು ವಾರ,
ಗಿರಾಕಿ ಇಲ್ಲದಿದ್ದರೆ ನಾಲ್ಕೇ ದಿನ.
ನಗು ಬರುತ್ತಿತ್ತು. ಚಳಿಗೆ ಇಷ್ಟು ಹೆದರುವ ಜನ!
ಎಲೆ ಉದುರಿತು, ಮಂಜು ಬಿತ್ತು,
ಚೆಲುವೆಯ ಹಣೆಯಲ್ಲಿ ಗೆರೆ ಮೂಡಿತೆಂದು ಗೋಳು.
ಇಲ್ಲಿ ನಾವು ಬೆವರಿನಲ್ಲೇ ಮುದಿಯಾಗುತ್ತೇವೆ,
ಒಬ್ಬರೂ ಬರೆದುಕೊಳ್ಳುವುದಿಲ್ಲ.
ಕೊನೆಯ ಎರಡು ಸಾಲಿಗೆ ಬಂದಾಗ ನಗು ನಿಂತಿತು.
ಅಳಿಯದೆ ಇರು ಎಂದು ಬರೆದುಕೊಟ್ಟು ಬಿಡುತ್ತಾರೆ.
ಎಷ್ಟು ಸಲ ಬರೆದುಕೊಟ್ಟಿಲ್ಲ ನಾನು,
ಪುತ್ರಪೌತ್ರ ಪಾರಂಪರ್ಯವಾಗಿ, ಆಚಂದ್ರಾರ್ಕವಾಗಿ,
ಸೂರ್ಯ ಚಂದ್ರರನ್ನು ಎಳೆದು ತಂದು ನಿಲ್ಲಿಸಿ
ಎರಡು ತೆಂಗಿನಮರಕ್ಕೆ.

ಇನ್ನೊಂದು ಸಂಗತಿ ತಡವಾಗಿ ಕಂಡಿತು.
ಎಂಟು ಸಾಲು ನೆಟ್ಟಗೆ ನಡೆದು ಬಂದವರು
ಒಂಬತ್ತನೆಯದರಲ್ಲಿ ನಿಲ್ಲುತ್ತಾರೆ, ಹೊರಳುತ್ತಾರೆ,
"ಆದರೂ" ಎನ್ನುತ್ತಾರೆ.

ಆಧಾರಪತ್ರದಲ್ಲಿ ಆ ಪದ ಇಲ್ಲ.
ಕೆಲಸ ಕಲಿಸಿದ ಐತಪ್ಪಣ್ಣ ಮೊದಲ ದಿನವೇ ಹೇಳಿದ್ದರು,
"ಆದರೂ ಅಂತ ಬರೆದೆಯೋ, ಆ ಸಂದಿಯಲ್ಲಿ
ವಕೀಲ ಒಳಗೆ ಬರ್ತಾನೆ, ಮಗಾ."
ಬರೆಯಲಿಲ್ಲ. ಬರೆಯದೆ ಬರೆಯದೆ
ಬಾಯಿಗೂ ಅಭ್ಯಾಸ ತಪ್ಪಿತು.

ಚೈನ್‌ಮನ್ ಕುಂಞಂಬು ಬರುತ್ತಿದ್ದ ಕಾಲ ಒಂದಿತ್ತು,
ಸ್ಕೆಚ್ಚು ಹಿಡಿದು, ಪ್ಯಾಂಟಿಗೆಲ್ಲ ಹುಲ್ಲಿನ ಬೀಜ ಅಂಟಿಸಿಕೊಂಡು.
ಅವನು ಮಲಯಾಳದಲ್ಲಿ ಕೇಳುವುದು, ನಾನು ಕನ್ನಡದಲ್ಲಿ ಹೇಳುವುದು.
ಇಬ್ಬರಿಗೂ ಎಲ್ಲವೂ ತಿಳಿಯುತ್ತಿತ್ತು. ತೊಂದರೆ ಅದೇ.
ನೀಲಂಬೂರಿಗೆ ವರ್ಗವಾದ ದಿನ
ಮೇಜಿನ ಮೇಲೆ ಬೆರಳೂರಿ ಕೇಳಿದ, "ಪೋಟ್ಟೇ?"
ಸರಿ, ಎಂದೆ.
ಸ್ವಸ್ಥಚಿತ್ತಳಾಗಿ,
ಯಾರ ಒತ್ತಾಯವೂ ಇಲ್ಲದೆ.

ಪುಸ್ತಕದಲ್ಲಿ ಟೀಚರ್ ಅಲ್ಲಲ್ಲಿ ಪೆನ್ಸಿಲಿನಿಂದ ಗೆರೆ ಎಳೆದಿದ್ದಾರೆ.
ಹೆಚ್ಚಿನವು ಒಂಬತ್ತನೆಯ ಸಾಲಿಗೆ.
ಬೇಳಕ್ಕೆ ಅರ್ಧ ಗಂಟೆಗೊಂದು ಬಸ್ಸು ಉಂಟು.
ಇನ್ನೂ ಹೋಗಿಲ್ಲ.

ಮೊನ್ನೆ ಒಂದು ಪಾಲುಪಟ್ಟಿ. ಅಣ್ಣ, ತಮ್ಮ, ಒಂದೇ ಬಾವಿ.
ಬಾವಿ ಅಣ್ಣನ ಹಿಸ್ಸೆಗೆ ಸೇರತಕ್ಕದ್ದು, ಎಂದು ಮುಗಿಸಿ
ಮುಂದಿನ ಸಾಲಿಗೆ ಇಳಿದ ಪೆನ್ನು
ನನ್ನನ್ನು ಕೇಳದೆ ಬರೆಯಿತು: ಆದರೂ
ತಮ್ಮ ಸೋಡಾ ಗ್ಲಾಸು ಕೆಳಗಿಟ್ಟ, ಬಗ್ಗಿ ಓದಿದ.
ಅಣ್ಣ ತನ್ನ ಚಪ್ಪಲಿ ನೋಡಿಕೊಂಡ.
ಆ ಪದದ ಮುಂದೆ ಆಗ ಏನೂ ಬರಬಹುದಿತ್ತು,
ನೀರು ಕೂಡ.

ಅಣ್ಣ ಕೆಮ್ಮಿದ.
ಗೆರೆ ಎಳೆದೆ. ಅಡಿಯಲ್ಲಿ, ನಿಯಮ ಇದ್ದ ಹಾಗೆ, ಬರೆದೆ:
ಒಂಬತ್ತನೆಯ ಸಾಲಿನಲ್ಲಿ ಒಂದು ಪದ ಹೊಡೆದುಹಾಕಿದೆ.
ಓದಲು ಬರುತ್ತದೆ.
ಬರೆದವಳ ಸಹಿ.